ನೀಬಿಯಾ ತೆಚೇರಾ ಮತ್ತು ಅರವತ್ತೈದನೆಯ ಬೈಟ್

ನೀಬಿಯಾ ತೆಚೇರಾ ನಮ್ಮ ಕಚೇರಿಯ ಮೆಟ್ಟಿಲನ್ನು ಮೊದಲ ಸಲ ಹತ್ತಿದ್ದು ೧೯೯೪ನೆಯ ಇಸವಿ ಮಾರ್ಚ್ ೧೪ರ ಸೋಮವಾರ, ಬೆಳಿಗ್ಗೆ ಎಂಟೂವರೆಗೆ. ಆಗ ಆಕೆಗೆ ನಲವತ್ತೆರಡು ವರ್ಷ, ನನಗೆ ಐವತ್ತೆರಡು. ಪ್ರಿಂಟರಿಗೆ ಕಾಗದ ಹಾಕುವುದು, ಹೊರಬಂದ ಹಾಳೆಗಳನ್ನು ಹರಿದು ಪುಟಸಂಖ್ಯೆಯ ಪ್ರಕಾರ ಜೋಡಿಸಿ ನಮ್ಮ ನಮ್ಮ ಮೇಜಿನ ಮೇಲೆ ಇಡುವುದು ಆಕೆಯ ಕೆಲಸ. ಆ ಹಾಳೆಗಳ ಮೇಲಿನ ಕೋಡನ್ನು ಬರೆಯುವುದು ನನ್ನ ಕೆಲಸ. ಅಲ್ಲಿಂದ ಸರಿಯಾಗಿ ಒಂಬತ್ತು ವರ್ಷ ಏಳು ತಿಂಗಳಿಗೆ, ನನ್ನ ಕೋಡಿನಲ್ಲಿದ್ದ ಅತ್ಯಂತ ನಾಚಿಕೆಗೇಡಿನ ತಪ್ಪನ್ನು ಆಕೆ ತಿದ್ದಿದಳು. ಆಕೆಯ ಬದುಕನ್ನು ಬರೆಯಹೊರಟ ನಾನು ಆ ಅಷ್ಟೂ ಕಾಲ ಆಕೆಯನ್ನು ಕಂಡು ಹೊಟ್ಟೆಯುರಿ ಪಟ್ಟವನು. ಓದುವವರು ಇದನ್ನು ಮೊದಲೇ ತಿಳಿದಿರುವುದು ನ್ಯಾಯ.

ಆಕೆ ಹುಟ್ಟಿದ್ದು ೧೯೫೨ರ ಫೆಬ್ರವರಿ ೨ರಂದು, ಹುವಾನ್ ಲಕಾಸೆ ಎಂಬ ಗಿರಣಿಯೂರಿನಲ್ಲಿ, ಉಣ್ಣೆ ಗಿರಣಿಯ ಸೈರನ್ ಅಡುಗೆಮನೆಯ ಪಾತ್ರೆಗಳನ್ನು ನಡುಗಿಸುವಷ್ಟು ಸಮೀಪದ ಮನೆಯಲ್ಲಿ. ಹದಿನಾರನೆಯ ವಯಸ್ಸಿಗೆ ಆ ಗಿರಣಿಯನ್ನೇ ಸೇರಿದಳು. ಎರಡು ವರ್ಷ ಮಗ್ಗಗಳ ನಡುವೆ, ಅನಂತರ ಇಪ್ಪತ್ತಮೂರು ವರ್ಷ ದೋಷ ಹುಡುಕುವ ಮೇಜಿನ ಮುಂದೆ. ನೆಯ್ದ ಬಟ್ಟೆಯನ್ನು ಆ ಮೇಜಿನ ಮೇಲೆ ಮಗುಚಿ ಹಾಸುತ್ತಿದ್ದರು. ಮೇಲ್ಮಗ್ಗುಲನ್ನು ನೋಡಿದರೆ ಕಣ್ಣು ವಿನ್ಯಾಸಕ್ಕೆ ಮರುಳಾಗಿ ಗಂಟನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಹೆಂಗಸರು ಹಿಮ್ಮಗ್ಗುಲಿನ ಮೇಲೆ, ಬಟ್ಟೆಯ ಕೊನೆಯಿಂದ ಮೊದಲಿಗೆ, ಬೆರಳ ತುದಿಯನ್ನು ಓಡಿಸುತ್ತ ಬರಬೇಕು. ಸಿಕ್ಕಿದ ದೋಷವನ್ನು ಅಲ್ಲಿಯೇ ಸೂಜಿಯಿಂದ ಸರಿಪಡಿಸಬೇಕು. ೧೯೯೩ರಲ್ಲಿ ಗಿರಣಿ ಕೆಲಸಗಾರರನ್ನು ಕಡಿಮೆ ಮಾಡಿದಾಗ ಆಕೆ ರಾಜಧಾನಿ ಮೋಂತೆವಿದೇಯೊದಲ್ಲಿದ್ದ ಅಕ್ಕನ ಮನೆಗೆ ಬಂದಳು.

ನಮ್ಮ ಕಚೇರಿ ಆ ನಗರದ ಬಂದರಿನ ಹತ್ತಿರದ ಹಳೆಯ ಮನೆಯೊಂದರ ಎರಡನೆಯ ಮಹಡಿಯಲ್ಲಿತ್ತು. ೧೯೮೭ರ ಏಪ್ರಿಲ್ ೬ರಂದು ನಾಲ್ವರು ಸೇರಿ ಅಲ್ಲಿ ಒಂದು ಡೇಟಾಬೇಸ್ ಸರ್ವರನ್ನು ಬರೆಯತೊಡಗಿದೆವು. ಮಣ್ಣಿನ ಗೂಡು ಕಟ್ಟುವ ಹಕ್ಕಿಯ ನೆನಪಿಗೆ ಅದಕ್ಕೆ ಓರ್ನೆರೊ ಎಂದು ಹೆಸರಿಟ್ಟೆವು. ಉಣ್ಣೆ ಸಹಕಾರ ಸಂಘಗಳು, ಹಾಲಿನ ಡೇರಿಗಳು, ಒಂದೆರಡು ಗ್ರಂಥಾಲಯಗಳು ತಮ್ಮ ದಾಖಲೆಗಳನ್ನು ಅದರಲ್ಲಿ ಇಡುತ್ತಿದ್ದವು. ಹಿರಿಯರಾದ ವಿಲ್ಮಾರ್ ಬೊನಿನೊ ಸರ್ವರಿನ ಹೃದಯಭಾಗವನ್ನು ಬರೆದರು. ದಾಖಲೆಗಳ ಪ್ರತಿ ತೆಗೆದಿಡುವ ಬ್ಯಾಕಪ್ ಪ್ರೋಗ್ರಾಮನ್ನು ನಾನು, ಎರಿಬೆರ್ತೊ ಲರೋಸಾ, ಬರೆದೆ.

ನಮ್ಮಲ್ಲಿ ಒಂದು ಕ್ರಮವಿತ್ತು. ಹೊಸದಾಗಿ ಬರೆದ ಯಾವ ಪುಟವೂ ಎಲ್ಲರೆದುರು ಗಟ್ಟಿಯಾಗಿ ಓದಿಸಿಕೊಳ್ಳದೆ ಸರ್ವರಿಗೆ ಸೇರಕೂಡದು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ದುಂಡು ಮೇಜಿನ ಸುತ್ತ ಕೂರುತ್ತಿದ್ದೆವು. ವಿಲ್ಮಾರ್ ಫ್ಲಾಸ್ಕಿನಿಂದ ಸೋರೆಬುರುಡೆಯೊಳಗಿನ ಮಾಟೆ ಎಂಬ ಚಹದಂಥ ಎಲೆಗೆ ಬಿಸಿನೀರು ಸುರಿದು ಬಲಗಡೆಯವರಿಗೆ ಕೊಡುವರು. ಬುರುಡೆ ಯಾರ ಕೈಯಲ್ಲಿದೆಯೋ ಅವರು ಕೊಳವೆಯಿಂದ ಹೀರುತ್ತ ಒಂದು ಪುಟ ಓದಬೇಕು. ಕುಡಿದು ಮುಗಿಸಿ ಬುರುಡೆಯನ್ನು ಹಿಂತಿರುಗಿಸಿದ ಮೇಲೆ ಮುಂದಿನವರ ಸರದಿ. ಬುರುಡೆ ಕೊಡುವಾಗ ಯಾರೂ ಏನೂ ಹೇಳುವುದಿಲ್ಲ. ಹೇಳಿದರೆ ಒಂದೇ ಮಾತು, ಗ್ರಾಸಿಯಾಸ್, ಅಂದರೆ ಧನ್ಯವಾದ. ಹಾಗೆಂದವನಿಗೆ ಸಾಕಾಗಿದೆ ಎಂದರ್ಥ, ಅವನಿಗೆ ಮತ್ತೆ ಬುರುಡೆ ಬರುವುದಿಲ್ಲ, ಮತ್ತು ನಮ್ಮ ದೇಶದಲ್ಲಿ ಹಾಗೆ ಎದ್ದುಹೋದವನನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಓದು ಮುಗಿದ ಮೇಲೆ ಬರೆದವನು ಒಂದು ಚೀಟಿಯಲ್ಲಿ ತನ್ನ ಹೆಸರನ್ನೂ ಪುಟ ಓದಲಾದ ದಿನಾಂಕವನ್ನೂ ಬರೆದು ಹಸಿರು ಪೆಟ್ಟಿಗೆಗೆ ಹಾಕಬೇಕು. ನೀರು ಸುರಿಯುವವರದೇ ಕೊನೆಯ ಮಾತು. ಅವರು ಬೇಡವೆಂದ ಪುಟ ಸರ್ವರಿಗೆ ಹೋಗುವುದಿಲ್ಲ.

೧೯೯೪ರ ಆಗಸ್ಟ್ ೧೨ರ ಶುಕ್ರವಾರ ನೀಬಿಯಾ ನನ್ನ ಹಾಳೆಗಳನ್ನು ಮೇಜಿನ ಮೇಲೆ ಇಟ್ಟವಳು ಅಲ್ಲಿಯೇ ನಿಂತಳು.

"ದೋನ್ ಎರಿಬೆರ್ತೊ, ಒಂದ್ ಮಾತು. ಬೇಜಾರ್ ಮಾಡ್ಕೋಬೇಡಿ."

"ಏನು? ಕಾಗದ ಮುಗೀತಾ?"

"ಕಾಗದ ಇದೆ. ಈ ಮೂರನೇ ಪುಟದಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗಿದೆ. ಬಾಕಿ ಎಲ್ಲಾ ಕಡೆ ನೀವು ಒಂದರಿಂದ ಶುರು ಮಾಡ್ತೀರಿ. ಇದೊಂದು ಬೇರೆ ದಾರದ ಥರ ಕಾಣ್ತು."

"ನಿಮಗೆ ಇದು ಅರ್ಥ ಆಗತ್ತಾ?"

"ಅರ್ಥ ಎಲ್ಲಿ ಆಗತ್ತೆ! ಬೇರೆ ಥರ ಇದೆ ಅಂತ ಗೊತ್ತಾಗತ್ತೆ ಅಷ್ಟೇ. ಹಿಂದಿನಿಂದ ಮುಂದಕ್ಕೆ ನೋಡ್ಕೊಂಡ್ ಬಂದೆ."

ಆಕೆ ಹೇಳಿದ್ದು ಸರಿಯಾಗಿತ್ತು. ನಾನು ನೋಡುತ್ತೇನೆಂದು ಹೇಳಿ, ಆಕೆ ಹೋದ ಮೇಲೆ ತಿದ್ದಿದೆ. ಅದನ್ನು ಯಾರಿಗೂ ತಿಳಿಸಲಿಲ್ಲ. ಆದರೆ ಗೋಡೆಯಾಚೆ ಕುಳಿತಿದ್ದ ವಿಲ್ಮಾರ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುಂದಿನ ಮಂಗಳವಾರದಿಂದ ಆಕೆಯೂ ದುಂಡು ಮೇಜಿಗೆ ಬರತಕ್ಕದ್ದು ಎಂದರು.

ಆಗಸ್ಟ್ ೧೯ರ ಶುಕ್ರವಾರ ನಾನು ಆರು ಪುಟಗಳೊಂದಿಗೆ ಬಂದೆ. ಪ್ರತಿಯ ತಲೆಬರಹವನ್ನು ಬರೆಯುವ, ಬ್ಯಾಕಪ್ ಪ್ರೋಗ್ರಾಮಿನ ಮೊದಲ ಭಾಗ. ಒಂದೇ ಬೈಠಕ್ಕಿನಲ್ಲಿ, ಒಂದು ಕಾಟು ಇಲ್ಲದೆ ಬರೆದದ್ದು, ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ನೋಡಿದರೆ ವಿಲ್ಮಾರರ ಬಲಗಡೆಯ ಕುರ್ಚಿಯಲ್ಲಿ ನೀಬಿಯಾ ಕುಳಿತಿದ್ದಾಳೆ. ಏಳು ವರ್ಷಗಳಿಂದ ಅದು ನನ್ನ ಕುರ್ಚಿ. ಮೊದಲ ಬುರುಡೆ, ಅದರ ಜೊತೆಗೆ ಮೊದಲ ಪುಟ, ನನ್ನದು.

"ಅಲ್ಲಿ ಎಡಗಡೆ ಕೂತ್ಕೊಳ್ಳಯ್ಯಾ ಇವತ್ತು," ಎಂದರು ವಿಲ್ಮಾರ್. "ನೀಬಿಯಾ ಇಲ್ಲಿರಲಿ."

"ಯಾಕೆ?"

"ಯಾಕೆ ಅಂದ್ರೆ ನಾನ್ ಹೇಳ್ದೆ ಅಂತ. ನಿನ್ನ ಮೂರನೇ ಪುಟ ಹಿಡಿದೋಳು, ಪಕ್ಕದಲ್ಲಿ ಕೂರೋಕೆ ಲಾಯಕ್ಕು ಇಲ್ವಾ?"

ಎಲ್ಲರೂ ನಕ್ಕರು. ನೀಬಿಯಾ ನಗಲಿಲ್ಲ, ತನ್ನ ಬಲಕ್ಕೆ ನಿಂತಿದ್ದ ನನ್ನ ಮಾತು ಆಕೆಗೆ ಕೇಳಿಸಿದಂತೆಯೇ ತೋರಲಿಲ್ಲ. ಅದನ್ನು ನಾನು ಬಿಂಕವೆಂದು ತಿಳಿದೆ. ಮಗ್ಗಗಳ ಗದ್ದಲದ ನಡುವಿನ ಎರಡು ವರ್ಷಗಳಲ್ಲಿ ಆಕೆಯ ಬಲಗಿವಿ ಹೋಗಿದೆಯೆಂದೂ, ವಿಲ್ಮಾರರ ಬಲಕ್ಕೆ ಕುಳಿತರೆ ಮಾತ್ರ ಅವರು ಆಕೆಯ ಎಡಗಿವಿಗೆ ಸಿಗುತ್ತಾರೆಂದೂ ನನಗೆ ತಿಳಿದದ್ದು ೧೯೯೬ರಲ್ಲಿ. ತಿಳಿದ ಮೇಲೆ ನನ್ನ ಹೊಟ್ಟೆಯುರಿ ಕಡಿಮೆಯಾಯಿತೆಂದು ಬರೆದರೆ ಸುಳ್ಳಾಗುತ್ತದೆ.

ಬುರುಡೆ ಸುತ್ತಿ ನನ್ನ ಬಳಿಗೆ ಬಂತು. ನಾನು ಪುಟ ಓದದೆ ಹೀರಿದೆ, ಬುರುಡೆಯನ್ನು ಹಿಂತಿರುಗಿಸಿದೆ, "ಗ್ರಾಸಿಯಾಸ್" ಎಂದೆ, ಆರು ಪುಟಗಳನ್ನು ಎತ್ತಿಕೊಂಡು ಎದ್ದುಹೋದೆ. ಯಾರೂ ತಡೆಯಲಿಲ್ಲ, ಯಾರೂ ಕೇಳಲಿಲ್ಲ. ಸೋಮವಾರ, ಆಗಸ್ಟ್ ೨೨ರಂದು, ಆ ಪುಟಗಳನ್ನು ನಾನೇ ಸರ್ವರಿಗೆ ಸೇರಿಸಿದೆ. ಚೀಟಿಯಲ್ಲಿ, ಓದಲಾದ ದಿನಾಂಕದ ಎದುರಿಗೆ, "ಶುಕ್ರವಾರ, ೧೯ ಆಗಸ್ಟ್ ೧೯೯೪" ಎಂದು ಬರೆದೆ. ಪಾದ್ರಿಗಳ ಶಾಲೆಯಲ್ಲಿ ತಪ್ಪು ದಿನಾಂಕ ಬರೆದದ್ದಕ್ಕೆ ಬೆರಳ ಗಿಣ್ಣಿನ ಮೇಲೆ ಏಟು ತಿಂದು ಬೆಳೆದವನು ನಾನು. ಬುದ್ಧಿಪೂರ್ವಕವಾಗಿ ನಾನು ಬರೆದ ಸುಳ್ಳು ದಿನಾಂಕ ಅದೊಂದೇ.

ಅನಂತರದ ಒಂಬತ್ತು ವರ್ಷಗಳಲ್ಲಿ ನೀಬಿಯಾ ಸಂಜೆಯ ತರಗತಿಗೆ ಹೋಗಿ ಕೋಡ್ ಬರೆಯುವುದನ್ನು ಕಲಿತಳು. ೧೯೯೭ರಲ್ಲಿ ಪ್ರಿಂಟರಿನ ಕೆಲಸ ಬಿಟ್ಟು ನಮ್ಮ ಸಾಲಿನಲ್ಲಿ ಮೇಜು ಪಡೆದಳು. ಆಕೆಯ ಸರ್ಟಿಫಿಕೇಟನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದ ದಿನ ನಾನು ಕನ್ನಡಕ ಮನೆಯಲ್ಲಿ ಮರೆತಿದ್ದೇನೆಂದೆ; ಕನ್ನಡಕ ಜೇಬಿನಲ್ಲಿತ್ತು. ಆ ವರ್ಷ ನನ್ನ ತಿದ್ದುಪಡಿಗಳು ಇಪ್ಪತ್ತೊಂಬತ್ತು, ಆಕೆಯವು ಮೂವತ್ತೊಂದು. ಮರುವರ್ಷ ನನ್ನವು ಮೂವತ್ತನಾಲ್ಕು. ಆ ಐದು ಹೆಚ್ಚಿನವುಗಳಲ್ಲಿ ಮೂರಕ್ಕೆ ಅಗತ್ಯವಿರಲಿಲ್ಲವೆಂದು ನನಗೇ ಗೊತ್ತು. ಆಕೆ ಎಂದೂ ಎಣಿಸಲಿಲ್ಲವೆಂದು ನಾನು ನಂಬಿದ್ದೆ. ಎಣಿಸದೆಯೇ ಮುಂದಿದ್ದಾಳೆಂಬುದು ಇನ್ನೂ ಚುಚ್ಚುತ್ತಿತ್ತು. ಆಕೆ ಮನೆಯಿಂದ ಪಾಲಕ್ ತುಂಬಿದ ಕಡುಬಿನಂಥ ತಿಂಡಿ ತಂದರೆ ನಾನು ಎರಡು ತಿಂದು, ಉಪ್ಪು ಮುಂದಾಗಿದೆ ಎನ್ನುತ್ತಿದ್ದೆ.

ಈ ನಡುವೆ ನಾಲ್ವರಲ್ಲಿ ಇಬ್ಬರು ಬಿಟ್ಟುಹೋದರು. ದುರಾಸ್ನೊ ಕಡೆಯ ಎಲ್ಬಿಯೊ ಗದೇಯಾ ಎಂಬವನು ಬಂದ. ಮೂವತ್ತು ದಾಟಿದವ, ಮೂರು ಮಕ್ಕಳ ತಂದೆ. ಪ್ರತಿ ಸಾಲಿಗೂ "ಯಾಕೆ?" ಎನ್ನುವುದೊಂದೇ ಅವನ ಗುಣ. ಅವನಾಗಿ ಒಂದು ದೋಷವನ್ನು ಕಂಡುಹಿಡಿದದ್ದು ನನಗೆ ನೆನಪಿಲ್ಲ. ಅವನ ಪ್ರಶ್ನೆಗೆ ಉತ್ತರ ಹೇಳಹೋದವರೇ ನಡುವೆ ತಡೆದು ತಮ್ಮ ದೋಷವನ್ನು ಕಂಡುಕೊಳ್ಳುತ್ತಿದ್ದರು. ಅವನನ್ನು ಕಡೆಗಣಿಸುವ ವಿಷಯದಲ್ಲಿ ಮಾತ್ರ ನನಗೂ ನೀಬಿಯಾಗೂ ಭಿನ್ನಾಭಿಪ್ರಾಯವಿರಲಿಲ್ಲ.

೨೦೦೩ರ ಸೆಪ್ಟೆಂಬರ್ ೧ರ ಸೋಮವಾರ ವಿಲ್ಮಾರ್ ಎಲ್ಲರನ್ನೂ ಕರೆದು ಹೇಳಿದರು: "ಅಕ್ಟೋಬರ್ ಹದಿನೇಳು, ಶುಕ್ರವಾರ, ನನ್ನ ಕೊನೇ ದಿನ. ಅವತ್ತು ಈ ಫ್ಲಾಸ್ಕನ್ನ ನಿಮ್ಮಲ್ಲಿ ಒಬ್ಬರ ಕೈಗೆ ಕೊಟ್ಟು ಹೋಗ್ತೀನಿ. ಆಮೇಲೆ ಸುರಿಯೋದು, ಬೇಕು ಬೇಡ ಅನ್ನೋದು, ಎಲ್ಲಾ ಅವರದ್ದೇ."

ಆ ಫ್ಲಾಸ್ಕು ನನಗೆ ಬೇಕಾಗಿತ್ತು. ಹದಿನಾರು ವರ್ಷ ನಾನು ಅದಕ್ಕಾಗಿಯೇ ಅಲ್ಲಿದ್ದೆನೆಂದರೂ ನಡೆದೀತು. ನನಗೆ ಅರವತ್ತೆರಡಾಗಿತ್ತು; ಇನ್ನೊಮ್ಮೆ ಅದು ಕೈ ಬದಲಾಗುವವರೆಗೆ ನಾನಿರುವುದಿಲ್ಲ. ಅದು ನೀಬಿಯಾಗೆ ಹೋಗಬಹುದೆಂಬುದನ್ನು ಎಣಿಸಿದಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ಅಕ್ಟೋಬರ್ ೭ರ ಮಂಗಳವಾರ, ಹನ್ನೊಂದೂಕಾಲಿಗೆ, ಸಾಲ್ತೊದ ಒಂದು ಉಣ್ಣೆ ಸಹಕಾರ ಸಂಘದ ಗುಮಾಸ್ತೆ ಇರಸೇಮಾ ಎಂಬಾಕೆ ಫೋನ್ ಮಾಡಿದಳು.

"ನಿಮ್ಮ ಪ್ರೋಗ್ರಾಮು 'ಬ್ಯಾಕಪ್ ಪೂರ್ಣ' ಅನ್ನತ್ತೆ ಸ್ವಾಮಿ. ಒಳಗೆ ತೆಗೆದು ನೋಡಿದ್ರೆ ಒಂದು ಕುರಿನೂ ಇಲ್ಲ!"

"ಹಾಗೆಲ್ಲಾ ಆಗಲ್ಲಮ್ಮ. ನೀವು ಬೇರೆ ಫೈಲ್ ನೋಡ್ತಿದೀರಿ."

"ಹದಿಮೂರು ಸಾವಿರ ಕುರಿ ಹಾಕಿದ್ದೆ. ಬರೀ ತಲೆಬರಹ ಇದೆ. ಹಳೇ ಕಂಪ್ಯೂಟರಲ್ಲಿ ಎಲ್ಲಾ ಸರಿಯಾಗಿತ್ತು, ಈ ಹೊಸದಕ್ಕೆ ಬಂದ ಮೇಲೆ ಹೀಗೆ. ಹಳೇದನ್ನ ಇನ್ನೂ ಬಿಸಾಕಿಲ್ಲ, ದೇವರು ದೊಡ್ಡೋನು."

ಏನೂ ಕಳೆದಿರಲಿಲ್ಲ. ಆದರೆ ಪ್ರತಿ ತೆಗೆದಿದ್ದೇನೆಂದು ಸುಳ್ಳು ಹೇಳುವ ಬ್ಯಾಕಪ್ ಪ್ರೋಗ್ರಾಮಿಗಿಂತ ಕೆಟ್ಟದ್ದು ನಮ್ಮ ವೃತ್ತಿಯಲ್ಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ನಾನು ಕಾರಣವನ್ನು ಕಂಡೆ. ಅದು ಆ ಆರು ಪುಟಗಳಲ್ಲಿ, ಎರಡನೆಯದರಲ್ಲಿತ್ತು.

ಯಂತ್ರದ ನೆನಪಿನಲ್ಲಿ ಅಕ್ಷರಗಳನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳಲು ಕಾದಿರಿಸುವ ಜಾಗಕ್ಕೆ ಬಫರ್ ಎನ್ನುತ್ತಾರೆ. ದಾಖಲೆ ಇರುವ ಫೋಲ್ಡರಿನ ಹೆಸರಿಗೆಂದು ನಾನು ಅರವತ್ತನಾಲ್ಕು ಅಕ್ಷರಗಳ ಬಫರನ್ನು ಕಾದಿರಿಸಿದ್ದೆ. ೧೯೯೪ರ ಯಂತ್ರಗಳು ಎಂಟಕ್ಷರಕ್ಕಿಂತ ಉದ್ದದ ಹೆಸರನ್ನು ಒಪ್ಪುತ್ತಲೇ ಇರಲಿಲ್ಲವಾದ್ದರಿಂದ ಅದು ಉದಾರವಾದ ಅಳತೆ. ಹೆಸರನ್ನು ಅದರೊಳಕ್ಕೆ ನಕಲು ಮಾಡುವ ಆದೇಶವೋ, ಎಷ್ಟು ಜಾಗವಿದೆಯೆಂದು ಕೇಳದೆ ಸುಮ್ಮನೆ ಸುರಿಯುತ್ತ ಹೋಗುವಂಥದ್ದು. ಅದು ಹೆಸರು ಮುಗಿಯಿತೆಂಬ ಗುರುತಿಗಾಗಿ ಕೊನೆಯಲ್ಲಿ ಒಂದು ಸೊನ್ನೆಯನ್ನೂ ಇಡುತ್ತದೆ. ಆ ಸೊನ್ನೆಗೂ ಒಂದು ಬೈಟ್, ಅಂದರೆ ಒಂದಕ್ಷರದಷ್ಟು, ಜಾಗ ಬೇಕು. ಈಗ, ಸಾಲ್ತೊದವರು ಹೊಸ ಯಂತ್ರದಲ್ಲಿ ಉದ್ದ ಹೆಸರು ನಡೆಯುತ್ತದೆಂದು ತಿಳಿದೊಡನೆ, ನಮ್ಮವರಲ್ಲದೆ ಲೋಕದಲ್ಲಿ ಬೇರೆ ಯಾರೂ ಮಾಡಲಾರದ ಕೆಲಸ ಮಾಡಿದ್ದರು: ಫೋಲ್ಡರಿಗೆ ತಮ್ಮ ಸಂಘದ ಹೆಸರನ್ನೂ ಅದರ ಬೆನ್ನಿಗೆ ಸ್ಥಾಪಕ ಡಾಕ್ಟರ್ ಪೊಲಿಕಾರ್ಪೊ ಅಬೆಲಿನೊ ಇರಿಗಾರಾಯ್ ಮೆಂದಿಸಾಬಾಲ್ ಅವರ ಪೂರ್ಣ ಹೆಸರನ್ನೂ, ಪದವಿ ಸಹಿತ, ಗೌರವದಿಂದ ಇಟ್ಟಿದ್ದರು. ಎಣಿಸಿದರೆ ಸರಿಯಾಗಿ ಅರವತ್ತನಾಲ್ಕು. ಡಾಕ್ಟರರು ಪೂರ್ತಿ ಕುಳಿತರು, ಸೊನ್ನೆಗೆ ಜಾಗವಿರಲಿಲ್ಲ. ಅದು ಪಕ್ಕದ, ಅರವತ್ತೈದನೆಯ, ಬೈಟಿಗೆ ಹೋಗಿ ಕುಳಿತಿತು. ಆ ಪಕ್ಕದ ಬೈಟಿನಲ್ಲಿ ಎಷ್ಟು ದಾಖಲೆಪಟ್ಟಿಗಳ, ಅಂದರೆ ಟೇಬಲ್‌ಗಳ ಪ್ರತಿ ತೆಗೆಯಬೇಕೆಂಬ ಸಂಖ್ಯೆಯಿತ್ತು. ನಲವತ್ತು ಇದ್ದದ್ದು ಸೊನ್ನೆಯಾಯಿತು. ತೆಗೆಯಬೇಕಾದ ಸೊನ್ನೆ ಟೇಬಲ್‌ಗಳನ್ನು ನನ್ನ ಪ್ರೋಗ್ರಾಮು ನಿಷ್ಠೆಯಿಂದ ತೆಗೆದು "ಪೂರ್ಣ" ಎಂದಿತು.

ನೀಬಿಯಾ ನೋಡುವ ಮೊದಲೇ ಮುಗಿಸಿಬಿಡಬೇಕೆಂಬ ಆತುರದಲ್ಲಿ ನಾನು ಅರವತ್ತನಾಲ್ಕನ್ನು ಅಳಿಸಿ ನೂರ ಇಪ್ಪತ್ತೆಂಟು ಎಂದು ಬರೆದೆ. ಅಷ್ಟೇ. ಶುಕ್ರವಾರ, ಹತ್ತನೆಯ ತಾರೀಖು, ಬುರುಡೆ ಬಂದಾಗ ಓದಿದೆ.

"ನೂರಿಪ್ಪತ್ತೆಂಟು ಯಾಕೆ?" ಎಂದ ಎಲ್ಬಿಯೊ.

"ಸಾಕಾಗತ್ತೆ ಅಂತ."

"ಸಾಕಾಗತ್ತೆ ಅಂತ ಹ್ಯಾಗೆ ಗೊತ್ತು?"

"ಅಷ್ಟುದ್ದ ಯಾರಯ್ಯಾ ಹೆಸರಿಡ್ತಾರೆ?"

ವಿಲ್ಮಾರ್ ನಕ್ಕರು. "ಇದನ್ನೇ ತೊಂಬತ್ನಾಲ್ಕರಲ್ಲೂ ಹೇಳಿರ್ತೀಯ ನೀನು. ಆ ಡಾಕ್ಟರಿಗೆ ಮೊಮ್ಮಕ್ಕಳು ಇದಾರಂತೆ, ಅವರ ಹೆಸರೂ ಸೇರಿಸಿದ್ರೆ?"

ನೀಬಿಯಾ ಎದ್ದು ಯಂತ್ರದ ಮುಂದೆ ಕುಳಿತು, ಬೆರಳೊಂದನ್ನು ಕೀಲಿಯ ಮೇಲೆ ಒತ್ತಿ ಹಿಡಿದು ನೂರ ಇಪ್ಪತ್ತೆಂಟು ಅಕ್ಷರಗಳ ಹೆಸರಿನ ಫೋಲ್ಡರನ್ನು ಮಾಡಿ, ನನ್ನ ತಿದ್ದಿದ ಪ್ರೋಗ್ರಾಮನ್ನು ಓಡಿಸಿದಳು. ಪರದೆಯ ಮೇಲೆ "ಬ್ಯಾಕಪ್ ಪೂರ್ಣ" ಎಂದು ಬಂತು. ಒಳಗೆ ಒಂದು ಕುರಿಯೂ ಇರಲಿಲ್ಲ.

"ತೇಪೆ ದೊಡ್ಡದು ಮಾಡಿದೀರಿ, ದೋನ್ ಎರಿಬೆರ್ತೊ," ಎಂದಳು. "ತೂತು ಹಾಗೇ ಇದೆ."

"ಹಾಗಾದ್ರೆ ನೀವೇ ಹೊಲೀರಿ," ಎಂದುಬಿಟ್ಟೆ. ಆ ಮಾತಿನಿಂದ ಕೆಲಸ ಆಕೆಯದಾಯಿತು.

ಆಕೆ ಸೋಮವಾರ ದಿನವಿಡೀ ನನ್ನ ಹಾಳೆಗಳನ್ನು ಕೊನೆಯಿಂದ ಮೊದಲಿಗೆ ಬೆರಳಿಟ್ಟು ಓದಿದಳು. ಹದಿನಾಲ್ಕನೆಯ ತಾರೀಖಿನ ಮಂಗಳವಾರ ಆಕೆ ತಂದ ತಿದ್ದುಪಡಿಯಲ್ಲಿ ಬಫರಿನ ಅಳತೆ ಮುಖ್ಯವೇ ಆಗಿರಲಿಲ್ಲ. ನಕಲು ಮಾಡುವ ಮೊದಲು ಹೆಸರನ್ನು ಅಳೆಯುವುದು. ಸೊನ್ನೆಗೂ ಸೇರಿಸಿ ಜಾಗವಿದ್ದರೆ ಮಾತ್ರ ನಕಲು ಮಾಡುವುದು. ಇಲ್ಲದಿದ್ದರೆ "ಹೆಸರು ಉದ್ದವಾಗಿದೆ, ಬ್ಯಾಕಪ್ ಆಗಿಲ್ಲ" ಎಂದು ಹೇಳಿ ನಿಲ್ಲುವುದು. ನಾಲ್ಕೇ ಸಾಲು. ಅದೇ ಅಳತೆಗೇಡಿ ಆದೇಶ ಇನ್ನೂ ಹದಿನೇಳು ಕಡೆ ಸಿಕ್ಕಿತ್ತು. ಹದಿನಾರು ನನ್ನವು, ಒಂದು ಆಕೆಯದೇ. ಆ ಒಂದನ್ನೇ ಆಕೆ ಮೊದಲು ಓದಿದಳು. ನಾನು ಕೇಳುತ್ತ ಕೇಳುತ್ತ ಆಕೆಯ ತಿದ್ದುಪಡಿಯಲ್ಲೊಂದು ಲೋಪ ಹುಡುಕಿದೆ. ಸಿಗಲಿಲ್ಲ. ಅದು ನಾನು ಬರೆಯಬೇಕಾಗಿದ್ದ ಕೋಡು, ಅಷ್ಟು ಚೊಕ್ಕವಾಗಿತ್ತು.

ವಿಲ್ಮಾರ್ ಹಸಿರು ಪೆಟ್ಟಿಗೆಯಿಂದ ಹಳೆಯ ಚೀಟಿಯನ್ನು ತೆಗೆಸಿದರು. ಕನ್ನಡಕ ಮೇಲೇರಿಸಿ ಓದಿದರು. "ಶುಕ್ರವಾರ, ಹತ್ತೊಂಬತ್ತು ಆಗಸ್ಟ್ ತೊಂಬತ್ನಾಲ್ಕು. ಅಂದ್ರೆ ನಾವೆಲ್ಲಾ ಕೂತು ಓದಿದೀವಿ." ಚೀಟಿಯನ್ನು ಮೇಜಿನ ಮೇಲೆ ಇಟ್ಟರು. "ನಾನೇ ಸುರೀತಿದ್ದೆ. ನನ್ನ ಕಣ್ಣು ತಪ್ಪಿಸಿಕೊಂಡು ಹೋಗಿದೆ. ಹಾಗಾದ್ರೆ ತಪ್ಪು ಇವನೊಬ್ಬನದಲ್ಲ, ನನ್ನದೂ ಹೌದು."

ನಾನು ನೆಲ ನೋಡಿದೆ. ತಲೆ ಎತ್ತಿದಾಗ ನೀಬಿಯಾ ನನ್ನನ್ನೇ ನೋಡುತ್ತಿದ್ದಳು. ಆಕೆಗೆ ಗೊತ್ತಿದೆ ಎಂದು ನನಗೆ ಆಗ ಅರಿವಾಯಿತು. ಆ ಶುಕ್ರವಾರ ಮೇಜಿನ ಸುತ್ತ ಇದ್ದವರಲ್ಲಿ ಈಗ ಉಳಿದವರು ಮೂವರೇ. ವಿಲ್ಮಾರರಿಗೆ ನೆನಪಿಲ್ಲ, ಆಕೆಗೆ ಇದೆ. ಒಂದು ಮಾತು ಹೇಳಿದರೆ ಫ್ಲಾಸ್ಕು ಆಕೆಯದು. ಆಕೆ ಹೇಳಲಿಲ್ಲ. ಎರಡು ದಿನ ನಾನು ಆ ಮೌನವನ್ನು ಹೊತ್ತು ತಿರುಗಿದೆ. ಆಕೆ ಶುಕ್ರವಾರಕ್ಕೆಂದು, ಎಲ್ಲರೆದುರು ನನ್ನನ್ನು ಕೆಡವಲೆಂದು, ಅದನ್ನು ತೆಗೆದಿಟ್ಟಿದ್ದಾಳೆಂದೇ ನನ್ನ ಎಣಿಕೆ.

ಗುರುವಾರ, ಹದಿನಾರನೆಯ ತಾರೀಖು, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಚೇರಿ ಖಾಲಿಯಿದ್ದಾಗ ನಾನೇ ಆಕೆಯ ಮೇಜಿನ ಬಳಿಗೆ ಹೋದೆ.

"ಯಾವಾಗ ಹೇಳ್ತೀರಿ?"

"ಏನನ್ನ?"

"ನಾಟಕ ಬೇಡ. ಆ ಪುಟಗಳನ್ನ ಓದಿಲ್ಲ ಅನ್ನೋದು ನಿಮಗೆ ಗೊತ್ತು."

ಆಕೆ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟಳು. "ಗೊತ್ತು. ಅವತ್ತೇ ಗೊತ್ತು. ಆರು ಪುಟ ತಂದ್ರಿ, ಆರೂ ಎತ್ಕೊಂಡು ಹೋದ್ರಿ. ಸೋಮವಾರ ಚೀಟಿ ನೋಡ್ದೆ."

"ಒಂಬತ್ತು ವರ್ಷ ಯಾಕೆ ಸುಮ್ಮನಿದ್ರಿ? ನನ್ನ ಮೇಲೆ ಕರುಣೆನಾ?"

"ಕರುಣೆ!" ಆಕೆ ನಕ್ಕಳು; ಅದು ಒಳ್ಳೆಯ ನಗೆಯಾಗಿರಲಿಲ್ಲ. "ನಿಮ್ಮ ಮೇಲೆ ನಂಗೆಂಥ ಕರುಣೆ, ದೋನ್ ಎರಿಬೆರ್ತೊ? ಆ ಆರು ಪುಟ ನಾನೇ ಪ್ರಿಂಟ್ ತೆಗೆದಿದ್ದು. ಒಂದು ಕಾಟು ಇಲ್ಲ, ಒಂದು ಗಂಟು ಇಲ್ಲ. ನಾನು ಇಪ್ಪತ್ಮೂರು ವರ್ಷ ಬೇರೆಯವರು ನೇಯ್ದಿದ್ರಲ್ಲಿ ತಪ್ಪು ಹುಡುಕಿದೋಳು, ಒಂದು ಮೊಳ ನೇಯೋಕೆ ಬರ್ತಿರ್ಲಿಲ್ಲ. ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರೀತಿತ್ತು. ಓದ್ದೆ ಹೋಗಿದೆ ಅಂತ ಗೊತ್ತಾದಾಗ, ಹೋಗಲಿ, ಒಂದಿನ ಹರಿಯತ್ತೆ, ಅವತ್ತು ನೋಡೋಣ ಅಂದ್ಕೊಂಡೆ. ಹರಿಯೋದನ್ನ ಕಾಯ್ತಾ ಇದ್ದೆ."

"ತೊಂಬತ್ತೇಳರಲ್ಲಿ ನಿಮ್ಮದು ಮೂವತ್ತೊಂದು ತಿದ್ದುಪಡಿ," ಎಂದೆ ನಾನು, ಏಕೋ.

"ನಿಮ್ಮದು ಇಪ್ಪತ್ತೊಂಬತ್ತು," ಎಂದಳು ಆಕೆ, ಯೋಚಿಸದೆಯೇ. "ತೊಂಬತ್ತೆಂಟರಲ್ಲಿ ಮೂವತ್ನಾಲ್ಕು. ಅದ್ರಲ್ಲಿ ಮೂರು ದಂಡ."

ಆಕೆ ಮತ್ತೆ ಬ್ರೆಡ್ಡನ್ನು ಕೈಗೆತ್ತಿಕೊಂಡಳು. ಬಂದರಿನಲ್ಲಿ ಯಾವುದೋ ಹಡಗು ಕೂಗಿತು.

"ನಾಳೆ ನಾನು ಹೇಳಲ್ಲ," ಎಂದಳು. "ಹೇಳಿದ್ರೆ ಯಾಕೆ ಇಷ್ಟು ದಿನ ಹೇಳ್ಲಿಲ್ಲ ಅಂತ ಎಲ್ಬಿಯೊ ಕೇಳ್ತಾನೆ."

ಶುಕ್ರವಾರ ಹತ್ತು ಗಂಟೆಗೆ ವಿಲ್ಮಾರ್ ಹೊಸ ಕೋಟು ಹಾಕಿಕೊಂಡು ಬಂದರು. ಎರಡು ಸುತ್ತು ಬುರುಡೆ ತಿರುಗಿತು. ನೀಬಿಯಾಳ ತಿದ್ದುಪಡಿಯ ಉಳಿದ ಪುಟಗಳು ಓದಲ್ಪಟ್ಟವು. ಅವರು ಆಗಲಿ ಎಂದರು. ಆಮೇಲೆ ಫ್ಲಾಸ್ಕನ್ನು ಮೇಜಿನ ನಡುವೆ ಇಟ್ಟರು.

"ನಾನು ಮೊದಲು ನೀಬಿಯಾ ಅಂದ್ಕೊಂಡಿದ್ದೆ," ಎಂದರು. "ಈಗಲೂ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ನೋಡೋಳು ಅವಳೇ. ಆದ್ರೆ ಈ ವಾರ ಎರಿಬೆರ್ತೊನ ತಲೆ ಮೇಲೆ ಒಂದು ಬಗ್ ಬಿತ್ತು. ಅವನೊಬ್ಬನ ತಲೆ ಮೇಲೇ ಬಿಟ್ಟು ಹೋದ್ರೆ ನಂಗೆ ನಿದ್ದೆ ಬರಲ್ಲ. ಅವನು ಕ್ರಮದ ಪ್ರಕಾರ ತಂದು ಓದಿದಾನೆ, ನಾವು ನೋಡ್ಲಿಲ್ಲ. ಹಿರಿಯ ಬೇರೆ. ತಗೋಳಯ್ಯಾ."

ಅವರು ಫ್ಲಾಸ್ಕನ್ನು ನನ್ನ ಕಡೆಗೆ ತಳ್ಳಿದರು. ನಾನು ಅದರ ಹಿಡಿಯ ಮೇಲೆ ಕೈಯಿಟ್ಟೆ. ಅದು ಇನ್ನೂ ಬಿಸಿಯಾಗಿತ್ತು. ನೀಬಿಯಾ ಮೇಜಿನ ಮೇಲಿನ ಮಾಟೆ ಎಲೆಯ ಪುಡಿಯನ್ನು ಬೆರಳಿನಿಂದ ಒಂದೆಡೆಗೆ ಕೂಡಿಸುತ್ತಿದ್ದಳು; ತಲೆಯೆತ್ತಲಿಲ್ಲ.

ಮುಂದೆ ನಾನು ಮಾಡಿದ್ದನ್ನು ದೊಡ್ಡತನವೆಂದು ಕೆಲವರು ಹೊಗಳಿದ್ದಾರೆ. ಹಾಗಲ್ಲ. ಆ ಫ್ಲಾಸ್ಕನ್ನು ಎತ್ತಿದ್ದರೆ ಮುಂದಿನ ಅಷ್ಟೂ ವರ್ಷ, ವಾರಕ್ಕೆ ಎರಡು ಸಲ, ಆಕೆ ಬಾಯಿ ಮುಚ್ಚಿದ್ದರಿಂದ ಭಿಕ್ಷೆಯಾಗಿ ಸಿಕ್ಕಿದ್ದನ್ನು ಆಕೆಗೇ ಸುರಿದು ಕೊಡಬೇಕಾಗಿತ್ತು. ಆಕೆ ಪ್ರತಿ ಸಲ ಕೊಳವೆ ಕಚ್ಚಿ ನನ್ನನ್ನು ನೋಡುವಳು. ಅದನ್ನು ಸಹಿಸುವಷ್ಟು ನನ್ನ ಹೊಟ್ಟೆಯುರಿ ಚಿಕ್ಕದಾಗಿರಲಿಲ್ಲ.

"ಆ ಚೀಟಿ ಸುಳ್ಳು," ಎಂದೆ. "ಅವತ್ತು ಓದಿಲ್ಲ. ಕುರ್ಚಿಗೋಸ್ಕರ ಸಿಟ್ಟು ಮಾಡ್ಕೊಂಡು ಗ್ರಾಸಿಯಾಸ್ ಅಂತ ಹೇಳಿ ಎದ್ದುಹೋದೆ. ದಿನಾಂಕ ನಾನೇ ಬರೆದಿದ್ದು."

ವಿಲ್ಮಾರರ ಮುಖ ಕೆಂಪಾಯಿತು. "ಮಂಗಳವಾರ ತಪ್ಪು ನನ್ನದೂ ಹೌದು ಅಂದೆ. ನೀನು ಇಲ್ಲೇ ಕೂತಿದ್ದೆ."

"ಕೂತಿದ್ದೆ."

"ಬೇರೆ ಯಾರಿಗೂ ಗೊತ್ತಿರ್ಲಿಲ್ವಾ?" ಎಂದ ಎಲ್ಬಿಯೊ.

ಎಲ್ಬಿಯೊ ಮತ್ತೆ ಕೇಳಿದ. ಉತ್ತರ ಬರುವವರೆಗೆ ಬಿಡುವವನಲ್ಲ ಅವನು.

"ನಂಗೊತ್ತಿತ್ತು," ಎಂದಳು ನೀಬಿಯಾ.

"ಯಾಕೆ ಹೇಳ್ಲಿಲ್ಲ?"

"ನೋಡಿ, ನಾನ್ ಹೇಳಿರ್ಲಿಲ್ವಾ ಇವನು ಕೇಳ್ತಾನೆ ಅಂತ," ಎಂದು ಆಕೆ ನನ್ನ ಕಡೆ ತಿರುಗಿದಳು. ಆಮೇಲೆ ವಿಲ್ಮಾರರಿಗೆ ಎಲ್ಲವನ್ನೂ, ನನಗೆ ಹೇಳಿದಂತೆಯೇ, ಒಂದು ಗಂಟನ್ನೂ ಬಿಡದೆ ಹೇಳಿದಳು.

ವಿಲ್ಮಾರ್ ಎದ್ದರು. ನನ್ನ ಕೈಯನ್ನು ಹಿಡಿಯಿಂದ ಬಿಡಿಸಿ, ಫ್ಲಾಸ್ಕನ್ನು ತೆಗೆದುಕೊಂಡು, ನೀಬಿಯಾಳ ಮುಂದೆ ಒಂದು ಕ್ಷಣ ತಡೆದು, ದಾಟಿಸಿ, ಎಲ್ಬಿಯೊನ ಎದುರಿಗೆ ಇಟ್ಟರು.

"ಒಬ್ಬ ಎದ್ದುಹೋದ. ಒಬ್ಬಳು ಕೂತು ಬಾಯಿ ಮುಚ್ಕೊಂಡಳು. ಕೂತು ಬಾಯಿ ಬಿಡೋನು ಇವನೊಬ್ನೇ."

"ನಾನಾ?" ಎಂದ ಎಲ್ಬಿಯೊ. "ಯಾಕೆ?"

"ಅದಕ್ಕೇ," ಎಂದರು ವಿಲ್ಮಾರ್, ಮತ್ತು ಹೊಸ ಕೋಟಿನ ಗುಂಡಿ ಹಾಕಿಕೊಂಡರು.

ಎಲ್ಬಿಯೊ ಅಲ್ಲಿಯೇ ಮೊದಲ ಸುತ್ತು ಸುರಿದ. ಒಂದು ಮೂಲೆಗೆ ಸುರಿದು ಉಳಿದ ಎಲೆಯನ್ನು ಒಣದಾಗಿಯೇ ಬಿಡಬೇಕೆಂಬ ಪರಿವೆಯಿಲ್ಲದೆ ಎಲ್ಲವನ್ನೂ ಒಮ್ಮೆಗೇ ನೆನೆಸಿಬಿಟ್ಟ. ಮೂರನೆಯವರಿಗೆ ಬರುವ ಹೊತ್ತಿಗೆ ಬುರುಡೆಯಲ್ಲಿ ಬಿಸಿನೀರಲ್ಲದೆ ಬೇರೆ ರುಚಿಯಿರಲಿಲ್ಲ. ಅವನು ಹೊಸ ಚೀಟಿ ತೆಗೆದುಕೊಂಡು ಎಲ್ಲರೆದುರು ಬರೆದ: ತಪ್ಪು ಮಾಡಿದವರು, ಎರಿಬೆರ್ತೊ ಲರೋಸಾ; ತಿದ್ದಿದವರು, ನೀಬಿಯಾ ತೆಚೇರಾ; ಓದಲಾದ ದಿನಾಂಕ, ಶುಕ್ರವಾರ, ೧೭ ಅಕ್ಟೋಬರ್ ೨೦೦೩. ಆ ದಿನಾಂಕದಲ್ಲಿ ತಪ್ಪಿರಲಿಲ್ಲ.

ಸಂಜೆ ಐದಕ್ಕೆ ನಾನೂ ನೀಬಿಯಾಳೂ ಒಟ್ಟಿಗೆ ಮೆಟ್ಟಿಲಿಳಿದೆವು. ಅದುವರೆಗೆ ಹಾಗೆ ಇಳಿದವರಲ್ಲ. ಆಕೆ ಕೇಳಲೆಂದು ನಾನು ಆಕೆಯ ಎಡಕ್ಕೆ ನಡೆದೆ.

"ನೋಡಿದ್ರಾ?" ಎಂದಳು. "ನೀರು ಸುರಿಯೋಕೂ ಬರಲ್ಲ ಅವನಿಗೆ."

"ಕುದಿಸಿಬಿಟ್ಟಿದ್ದ. ಎಲೆ ಸುಟ್ಟುಹೋಗಿತ್ತು."

"ಒಂದು ತಪ್ಪನ್ನಾದ್ರೂ ಹಿಡಿದಿದಾನಾ ಇವತ್ತಿನವರೆಗೆ?"

"ಒಂದೂ ಇಲ್ಲ. ನಾನು ಎಣಿಸಿದೀನಿ."

"ನಾನೂ," ಎಂದಳು ನೀಬಿಯಾ.

ಆಕೆ ೨೦೧೨ರ ಜೂನ್ ೨೯ರಂದು ನಿವೃತ್ತಳಾಗಿ ಹುವಾನ್ ಲಕಾಸೆಗೆ ಹಿಂತಿರುಗುವವರೆಗೆ, ಎಂಟು ವರ್ಷ ಎಂಟು ತಿಂಗಳು ಹನ್ನೆರಡು ದಿನ, ಎಲ್ಬಿಯೊನೇ ಸುರಿದ. ಆ ಅವಧಿಯಲ್ಲಿ ಬ್ಯಾಕಪ್ ಪ್ರೋಗ್ರಾಮಿನ ಬಗ್ಗೆ ಒಂದು ದೂರೂ ಬರಲಿಲ್ಲ. ಮಂಗಳವಾರ ಮತ್ತು ಶುಕ್ರವಾರಗಳ ಸಂಜೆ ನಾನೂ ನೀಬಿಯಾಳೂ ಒಟ್ಟಿಗೆ ಮೆಟ್ಟಿಲಿಳಿಯುತ್ತ, ಮಾಟೆ ಇವತ್ತೂ ನೀರುನೀರಾಗಿತ್ತೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಒಂದು ವಾರವೂ ತಪ್ಪಿಸಲಿಲ್ಲ.